ಜಾಹೀರಾತು ನಿರ್ವಹಣಾ ತಂತ್ರಾಂಶಕ್ಕೆ ತಿಂಗಳಿಗೆ 8,000 ರೂಪಾಯಿ: ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಕಾಫಿ ಪುಡಿ ಮತ್ತು ಹೋಂಸ್ಟೇ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಮ್ಮ ಕುಟುಂಬ ಎರಡು ವ್ಯವಹಾರಗಳನ್ನು ನಡೆಸುತ್ತಿದೆ. ನಮ್ಮ ತೋಟದ ಮತ್ತು ಅಕ್ಕಪಕ್ಕದ ಬೆಳೆಗಾರರ ಅರೇಬಿಕಾ, ರೋಬಸ್ಟಾ ಬೀಜವನ್ನು ಹುರಿದು ಪುಡಿ ಮಾಡಿ ನಮ್ಮದೇ ಜಾಲತಾಣದ ಮೂಲಕ ಮಾರುತ್ತೇವೆ. ಜೊತೆಗೆ ಆಲ್ದೂರಿನ ಕಡೆ ಆರು ಕೋಣೆಗಳ ಒಂದು ಹೋಂಸ್ಟೇ ಇದೆ. ಎರಡಕ್ಕೂ ಸೇರಿ ತಿಂಗಳಿಗೆ ಸುಮಾರು 40,000 ರೂಪಾಯಿಯನ್ನು ಆನ್‌ಲೈನ್ ಜಾಹೀರಾತಿಗೆ ಖರ್ಚು ಮಾಡುತ್ತೇವೆ. ಅದರಲ್ಲಿ 25,000 ಗೂಗಲ್‌ಗೆ ಹೋಗುತ್ತದೆ, ಉಳಿದ 15,000 ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ. ಇಷ್ಟು ದಿನ ನನ್ನ ತಮ್ಮನೇ ಆಯಾ ಕಂಪನಿಗಳ ಉಚಿತ ಪರದೆಗಳಲ್ಲಿ ಕುಳಿತು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದಾನೆ.

ಈಗ ಬೆಂಗಳೂರಿನ ಒಂದು ಸಂಸ್ಥೆಯವರು ಜಾಹೀರಾತು ನಿರ್ವಹಣಾ ತಂತ್ರಾಂಶವೊಂದನ್ನು ತೋರಿಸಿದ್ದಾರೆ. ಎಲ್ಲ ಜಾಹೀರಾತುಗಳೂ ಒಂದೇ ಪರದೆಯಲ್ಲಿ ಕಾಣುತ್ತವೆ, ಎಲ್ಲಿ ಲಾಭ ಹೆಚ್ಚೋ ಅಲ್ಲಿಗೆ ಕೃತಕ ಬುದ್ಧಿಮತ್ತೆಯೇ ಹಣವನ್ನು ತಿರುಗಿಸುತ್ತದೆ ಎನ್ನುತ್ತಾರೆ. ಶುಲ್ಕ ತಿಂಗಳಿಗೆ 8,000 ರೂಪಾಯಿ ಮತ್ತು ಜಿಎಸ್‌ಟಿ. ವರ್ಷದ ಒಪ್ಪಂದ ಮಾಡಿಕೊಂಡರೆ ರಿಯಾಯಿತಿ. 14 ದಿನ ಉಚಿತವಾಗಿ ಬಳಸಿ ನೋಡಬಹುದು. ಇದೇ ಬಗೆಯ ಒಂದು ವಿದೇಶಿ ತಂತ್ರಾಂಶವನ್ನೂ ನೋಡಿದೆವು. ಅವರದು ಡಾಲರ್ ಲೆಕ್ಕ, ನಾವು ಜಾಹೀರಾತಿಗೆ ಮಾಡುವ ಖರ್ಚು ಏರಿದಂತೆ ಅವರ ಶುಲ್ಕವೂ ಏರುತ್ತದೆ.

ಪ್ರದರ್ಶನದಲ್ಲಿ ತೋರಿಸಿದ ನಕ್ಷೆಗಳು ಚೆನ್ನಾಗಿಯೇ ಇದ್ದವು. ಆದರೆ ಪ್ರದರ್ಶನದ ನಕ್ಷೆಗಳು ಯಾವತ್ತೂ ಮೇಲಕ್ಕೇ ಏರುತ್ತಿರುತ್ತವೆ. ಇಂಥ ತಂತ್ರಾಂಶ ನಮ್ಮಂಥ ಸಣ್ಣ ವ್ಯವಹಾರಕ್ಕೆ ತಕ್ಕುದೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು, ಆ 14 ದಿನಗಳಲ್ಲಿ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಜಾಹೀರಾತು ನಿರ್ವಹಣೆಯ ಕೆಲಸ, ಹಾಸನ

ನಮಸ್ಕಾರ ಸರ್. ಹಾಸನದಿಂದ ಕೆಲವು ಅಂಗಡಿ, ಕ್ಲಿನಿಕ್ ಮತ್ತು ರೆಸಾರ್ಟ್‌ಗಳ ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಇಂಥ ತಂತ್ರಾಂಶಗಳನ್ನು ನಾನೂ ಬಳಸಿದ್ದೇನೆ, ಅವುಗಳ ಬಗ್ಗೆ ವಿರೋಧವೇನೂ ಇಲ್ಲ. ಆದರೆ ತಂತ್ರಾಂಶದ ಗುಣವನ್ನು ಅದರದೇ ಪರದೆಯ ಅಂಕಿಗಳಿಂದ ಅಳೆಯಬಾರದು. ನಿಮ್ಮ ಬಳಿ ಇರುವ ಆರ್ಡರ್ ಪಟ್ಟಿ ಮತ್ತು ಬುಕಿಂಗ್ ಪುಸ್ತಕದೊಂದಿಗೆ ಹೋಲಿಸಿಯೇ ಅಳೆಯಬೇಕು. ಅದಕ್ಕೆ ಕಾರಣವಿದೆ.

ಬೆಂಗಳೂರಿನ ಒಬ್ಬರು ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಹೋಂಸ್ಟೇ ಜಾಹೀರಾತನ್ನು ಒತ್ತಿ ನೋಡಿದರು ಎನ್ನಿ. ಗುರುವಾರ ಅವರೇ ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಅಲ್ಲಿಯೂ ಜಾಹೀರಾತಿನ ಮೂಲಕವೇ ಜಾಲತಾಣಕ್ಕೆ ಬಂದು, ಶನಿವಾರ ಕೋಣೆ ಕಾಯ್ದಿರಿಸಿದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಒಡೆತನವಿರುವ ಮೆಟಾ ಕಂಪನಿಯ ರೂಢಿಯ ಲೆಕ್ಕದಲ್ಲಿ, ಜಾಹೀರಾತು ಒತ್ತಿದ 7 ದಿನಗಳೊಳಗೆ ಅಥವಾ ಕೇವಲ ನೋಡಿದ 1 ದಿನದೊಳಗೆ ನಡೆದ ವ್ಯವಹಾರ ಅದರ ಪಾಲಿಗೆ ಸೇರುತ್ತದೆ. ಗೂಗಲ್ ಸಾಮಾನ್ಯವಾಗಿ ಒತ್ತಿದ 30 ದಿನಗಳವರೆಗೆ ಲೆಕ್ಕ ಹಿಡಿಯುತ್ತದೆ. ಹೀಗಾಗಿ ಒಂದೇ ಬುಕಿಂಗ್ ಅನ್ನು ಎರಡೂ ಕಂಪನಿಗಳು ತಮ್ಮದೆಂದು ಬರೆದುಕೊಳ್ಳುತ್ತವೆ, ಎರಡನ್ನೂ ಕೂಡಿಸಿ ತೋರಿಸುವ ತಂತ್ರಾಂಶ ಎರಡು ಬುಕಿಂಗ್ ಎನ್ನುತ್ತದೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಒಂದೇ ಇರುತ್ತದೆ. ಆದ್ದರಿಂದ ಮಾರಲು ಬಂದವರಿಗೆ ಮೊದಲು ಕೇಳಬೇಕಾದದ್ದು, ಒಂದೇ ವ್ಯವಹಾರ ಎರಡು ಕಡೆ ಎಣಿಕೆಯಾದಾಗ ನಿಮ್ಮ ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು. ಇದಕ್ಕೆ ನೇರ ಉತ್ತರ ಬಾರದಿದ್ದರೆ ಕೃತಕ ಬುದ್ಧಿಮತ್ತೆಯ ಮಾತು ಆಮೇಲೆ ಆಡಬಹುದು.

ಹೋಂಸ್ಟೇ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ. ನಮ್ಮ ಮಲೆನಾಡಿನ ಹೋಂಸ್ಟೇಗಳ ಬುಕಿಂಗ್ ಬಹುಪಾಲು ಮುಗಿಯುವುದು ಫೋನ್ ಕರೆಯಲ್ಲಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ, ಮುಂಗಡ ಬರುವುದು ಯುಪಿಐ ಮೂಲಕ. ಜಾಲತಾಣದ ಯಾವ ಪುಟದಲ್ಲಿಯೂ ಅದು ದಾಖಲಾಗುವುದಿಲ್ಲ. ಗೂಗಲ್ ಜಾಹೀರಾತಿನ ಪ್ರತಿ ಕ್ಲಿಕ್‌ಗೂ ಒಂದು ಗುರುತು ಸಂಖ್ಯೆ ಇರುತ್ತದೆ. ಅದನ್ನು ವಿಚಾರಣೆಯ ಜೊತೆ ಉಳಿಸಿಕೊಂಡು, ಬುಕಿಂಗ್ ಖಚಿತವಾದ ಮೇಲೆ, ಆ ಕ್ಲಿಕ್ ಆದ 90 ದಿನಗಳೊಳಗೆ, ಗೂಗಲ್‌ಗೆ ಮರಳಿ ಸಲ್ಲಿಸುವ ವ್ಯವಸ್ಥೆ ಉಂಟು. ನೀವು ನೋಡುತ್ತಿರುವ ತಂತ್ರಾಂಶ ಈ ಕೆಲಸವನ್ನು ಸುಲಭ ಮಾಡಿಕೊಡುತ್ತದೆಯೇ ಎಂದು ವಿಚಾರಿಸಿ. ಮಾಡಿಕೊಡುವುದಾದರೆ ಅದಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ಇಲ್ಲವಾದರೆ ಅದು ಕ್ಲಿಕ್‌ಗಳನ್ನು ನೋಡಿಯೇ ಹಣವನ್ನು ಹಂಚುತ್ತದೆ. ಕ್ಲಿಕ್ ಮಾಡುವವರೆಲ್ಲ ಬಂದು ಉಳಿದುಕೊಳ್ಳುವವರಲ್ಲ.

ಇನ್ನು ಸ್ವಯಂಚಾಲಿತ ಹಂಚಿಕೆಯ ಮಾತು. ಮೆಟಾ ಕಂಪನಿಯ ವ್ಯವಸ್ಥೆ ಕಲಿಕೆಯ ಹಂತವನ್ನು, ಅಂದರೆ ಜಾಹೀರಾತನ್ನು ಯಾರಿಗೆ ತೋರಿಸಿದರೆ ಫಲ ಎಂದು ಯಂತ್ರ ಕಲಿಯುವ ಅವಧಿಯನ್ನು, ದಾಟಬೇಕಾದರೆ ಒಂದೊಂದು ಜಾಹೀರಾತು ಗುಂಪಿಗೆ ವಾರಕ್ಕೆ ಸುಮಾರು 50 ಫಲಿತಾಂಶಗಳು, ಅಂದರೆ ಖರೀದಿಯನ್ನೇ ಗುರಿಯಾಗಿಸಿದ್ದರೆ 50 ಖರೀದಿಗಳು, ಬೇಕು. ನಿಮ್ಮ 15,000 ರೂಪಾಯಿಯನ್ನು ದಿನಕ್ಕೆ ಹಂಚಿದರೆ 500 ಬರುತ್ತದೆ. ಒಂದು ಕಾಫಿ ಆರ್ಡರ್ ತರಲು 250 ರೂಪಾಯಿ ತಗಲುತ್ತದೆ ಎಂದುಕೊಂಡರೂ ದಿನಕ್ಕೆ 2, ವಾರಕ್ಕೆ 14. ಅದನ್ನು ಮೂರು ಗುಂಪುಗಳಿಗೆ ಹಂಚಿಬಿಟ್ಟರೆ ಒಂದೊಂದಕ್ಕೆ ಐದೂ ಸಿಗುವುದಿಲ್ಲ. ಕಂಪನಿಯದೇ ಯಂತ್ರಕ್ಕೆ ಕಲಿಯಲು ಸಾಲದ ಮಾಹಿತಿಯಿಂದ ಹೊರಗಿನ ತಂತ್ರಾಂಶ ಹೆಚ್ಚಿನದನ್ನು ಕಲಿಯುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ನಿಮ್ಮ ಮಟ್ಟದ ಖರ್ಚಿಗೆ ಗುಂಪುಗಳನ್ನು ಕಡಿಮೆ ಮಾಡುವುದೇ ಹೆಚ್ಚು ಫಲ ಕೊಡುತ್ತದೆ, ಅದಕ್ಕೆ ಶುಲ್ಕವೂ ಇಲ್ಲ.

ಉಚಿತವಾಗಿ ಸಿಗುವುದೇನು ಎಂಬುದನ್ನೂ ಮೊದಲು ಪಟ್ಟಿ ಮಾಡಿಕೊಳ್ಳಿ. ಗೂಗಲ್ ಆ್ಯಡ್ಸ್‌ನಲ್ಲಿ ಸ್ವಯಂಚಾಲಿತ ನಿಯಮಗಳಿವೆ, ಸ್ಕ್ರಿಪ್ಟ್‌ಗಳಿವೆ. ಒಟ್ಟಿಗೆ ನೂರಾರು ಬದಲಾವಣೆ ಮಾಡಲು ಗೂಗಲ್ ಆ್ಯಡ್ಸ್ ಎಡಿಟರ್ ಇದೆ. ಎಲ್ಲ ಅಂಕಿಗಳನ್ನು ಒಂದೇ ಕಡೆ ನೋಡಲು ಲುಕರ್ ಸ್ಟುಡಿಯೋ ಇದೆ. ಮಾರುವವರು ತೋರಿಸಿದ ಸೌಲಭ್ಯಗಳಲ್ಲಿ ಇವುಗಳಿಂದ ಆಗದಿರುವುದು ಯಾವುದು ಎಂದು ಗುರುತಿಸಿ, ಅಷ್ಟಕ್ಕೆ ಮಾತ್ರ ಬೆಲೆ ಕಟ್ಟಿ.

ಇನ್ನೊಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಜಾಹೀರಾತು ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು, ನಿರ್ವಾಹಕರ ಅಧಿಕಾರ ನಿಮ್ಮ ಮಿಂಚಂಚೆಗೇ ಇರಬೇಕು. ಸಂಸ್ಥೆಯವರಿಗೆ ನಿಮ್ಮ ಹತ್ತು ಅಂಕಿಯ ಖಾತೆ ಸಂಖ್ಯೆ ಕೊಟ್ಟರೆ ಸಾಕು, ಅವರು ತಮ್ಮ ವ್ಯವಸ್ಥಾಪಕ ಖಾತೆಯಿಂದ ಜೋಡಣೆಗೆ ಕೋರಿಕೆ ಕಳಿಸುತ್ತಾರೆ, ಬೇಡವಾದಾಗ ನೀವು ಕಡಿದುಹಾಕಬಹುದು. "ನಾವೇ ಹೊಸ ಖಾತೆ ತೆರೆಯುತ್ತೇವೆ" ಎಂದವರಿಗೆ ಒಪ್ಪಿಕೊಂಡರೆ, ಮುಂದೆ ಅವರನ್ನು ಬಿಡುವ ದಿನ ಇಷ್ಟು ವರ್ಷಗಳ ಮಾಹಿತಿಯೂ ಅವರ ಬಳಿಯೇ ಉಳಿಯುತ್ತದೆ.

ಉತ್ತರ 2: ಲೆಕ್ಕಪತ್ರ ಮತ್ತು ತೆರಿಗೆ ಸಲಹೆ, ಚಿಕ್ಕಮಗಳೂರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಹಣದ ಲೆಕ್ಕವನ್ನಷ್ಟೇ ಸೇರಿಸುತ್ತೇನೆ.

8,000 ರೂಪಾಯಿಗೆ ಶೇಕಡ 18 ಜಿಎಸ್‌ಟಿ ಸೇರಿದರೆ 9,440. ನಿಮ್ಮ ಜಾಹೀರಾತು ಖರ್ಚೇ 40,000 ಇರುವಾಗ ತೆರಿಗೆ ಬಿಟ್ಟರೂ ಐದನೆಯ ಒಂದು ಪಾಲು ತಂತ್ರಾಂಶಕ್ಕೇ ಹೋಗುತ್ತದೆ. ಅರ್ಧ ಕಿಲೋ ಪುಡಿಯ ಒಂದು ಆರ್ಡರ್‌ನಲ್ಲಿ ಬೀಜ, ಹುರಿಯುವ ಖರ್ಚು, ಪೊಟ್ಟಣ, ಕೊರಿಯರ್ ಎಲ್ಲ ಕಳೆದು ನಿಮಗೆ 120 ರೂಪಾಯಿ ಉಳಿಯುತ್ತದೆ ಎಂದು ಊಹಿಸಿಕೊಳ್ಳೋಣ. ತೆರಿಗೆಯನ್ನು ಪೂರ್ತಿ ಮರಳಿ ಪಡೆದರೂ ತಂತ್ರಾಂಶ ತನ್ನ ಖರ್ಚನ್ನು ತಾನೇ ಭರಿಸಬೇಕಾದರೆ ತಿಂಗಳಿಗೆ 67 ಹೆಚ್ಚುವರಿ ಆರ್ಡರ್ ತರಬೇಕು. ಈಗಿರುವುದಕ್ಕಿಂತ ಹೆಚ್ಚುವರಿ ಎಂಬುದನ್ನು ಗಮನಿಸಿ. ಒಟ್ಟು ಆರ್ಡರ್ ಅಲ್ಲ. ನಿಮ್ಮ ನಿಜವಾದ ಅಂಕಿಗಳನ್ನು ಇಟ್ಟು ಇದೇ ಲೆಕ್ಕ ಮಾಡಿ, ಆ ಸಂಖ್ಯೆಯನ್ನು ಮಾರುವವರ ಮುಂದಿಡಿ.

ತೆರಿಗೆಯನ್ನು ಮರಳಿ ಪಡೆಯುವ ವಿಷಯದಲ್ಲಿ ನಿಮ್ಮ ಎರಡು ವ್ಯವಹಾರಗಳು ಬೇರೆಬೇರೆ. ಹುರಿದ ಕಾಫಿಯ ಮೇಲೆ ಶೇಕಡ 5 ಜಿಎಸ್‌ಟಿ ಇದೆ, ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್), ಅಂದರೆ ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಪಡೆಯಬಹುದು. ಆದರೆ ಜಾಹೀರಾತು, ತಂತ್ರಾಂಶಗಳು ಸೇವೆಗಳಾದ್ದರಿಂದ, ಮಾರಾಟದ ತೆರಿಗೆ ಕಡಿಮೆ ಎಂಬ ಕಾರಣಕ್ಕೆ ಉಳಿದುಹೋಗುವ ಜಮೆಯಲ್ಲಿ ಇವುಗಳ ಪಾಲು ನಗದಾಗಿ ವಾಪಸು ಬರುವುದಿಲ್ಲ. ಮುಂದಿನ ತೆರಿಗೆಗೆ ಹೊಂದಿಸಿಕೊಳ್ಳಬೇಕಷ್ಟೆ. ಹೋಂಸ್ಟೇ ಕಥೆ ಇನ್ನೂ ಬೇರೆ. ದಿನಕ್ಕೆ 7,500 ರೂಪಾಯಿ ಮೀರದ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇಕಡ 5, ಆದರೆ ಹೂಡುವಳಿ ತೆರಿಗೆ ಜಮೆ ಇಲ್ಲ. ಅಂದರೆ ಹೋಂಸ್ಟೇ ಪಾಲಿನ ಜಾಹೀರಾತು ಮತ್ತು ತಂತ್ರಾಂಶದ ಮೇಲೆ ನೀವು ಕೊಡುವ ಶೇಕಡ 18 ಪೂರ್ತಿ ಖರ್ಚೇ. ಒಂದೇ ಬಿಲ್ಲಿನಲ್ಲಿ ಎರಡೂ ವ್ಯವಹಾರ ಬಂದರೆ ಹಂಚಿಕೆ ಮಾಡಬೇಕಾಗುತ್ತದೆ. ಹಾಗಾಗಿ ಎರಡಕ್ಕೂ ಪ್ರತ್ಯೇಕ ಜಾಹೀರಾತು ಖಾತೆ ಇಡುವುದು ಒಳ್ಳೆಯದು. ಅದಕ್ಕೂ ತಂತ್ರಾಂಶದವರು ಎರಡು ಶುಲ್ಕ ಕೇಳುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ವಿದೇಶಿ ತಂತ್ರಾಂಶಕ್ಕೆ, ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ, ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ನೀವೇ ಶೇಕಡ 18 ತೆರಿಗೆ ಕಟ್ಟಬೇಕು, ಅದನ್ನು ನಗದಿನಲ್ಲೇ ಕಟ್ಟಬೇಕು. ಜೊತೆಗೆ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಹಳೆಯ ಅಂದಾಜುಪಟ್ಟಿಗಳಲ್ಲಿ ಶೇಕಡ 6ರ ಈಕ್ವಲೈಸೇಷನ್ ಲೆವಿ (ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲಿದ್ದ ತೆರಿಗೆ) ಎಂಬ ಸಾಲು ಇನ್ನೂ ಕಾಣಿಸಬಹುದು. 2016ರಲ್ಲಿ ಬಂದ ಅದು 2025ರ ಏಪ್ರಿಲ್ 1ರಿಂದ ರದ್ದಾಗಿದೆ, ಅದನ್ನು ಸೇರಿಸಿ ಕೇಳಿದರೆ ಕೊಡಬೇಡಿ. ಕಾರ್ಡ್‌ನಿಂದ ತಾನಾಗಿ ಕಡಿತವಾಗುವ ಪಾವತಿ ಒಂದು ಬಾರಿಗೆ 15,000 ರೂಪಾಯಿ ಮೀರಿದರೆ ಪ್ರತಿ ಸಲ ಒಟಿಪಿ ಬೇಕಾಗುತ್ತದೆ ಎಂಬುದೂ ನೆನಪಿರಲಿ. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟುವವರಿಗೆ ಇದು ಅನ್ವಯಿಸುತ್ತದೆ.

ಉತ್ತರ 3: ವಸತಿಗೃಹ, ಹಾಸನ

ನಮ್ಮದು ಹಾಸನದಲ್ಲಿ ವಸತಿಗೃಹ. ನಾವು ಇಂಥ ಒಂದು ತಂತ್ರಾಂಶವನ್ನು ಈಗಲೂ ಬಳಸುತ್ತಿದ್ದೇವೆ, ನಮಗೆ ಅದರಿಂದ ಉಪಯೋಗವಿದೆ. ಆದ್ದರಿಂದ ಮೇಲಿನ ಇಬ್ಬರ ಮಾತಿಗೆ ಸ್ವಲ್ಪ ಬೇರೆ ದನಿ ಸೇರಿಸುತ್ತೇನೆ.

ಉಪಯೋಗ ಇರುವುದು ಬುದ್ಧಿಮತ್ತೆಯಲ್ಲಲ್ಲ, ಕಾವಲಿನಲ್ಲಿ. ಕೋಣೆಗಳೆಲ್ಲ ತುಂಬಿದ ದಿನ ಜಾಹೀರಾತು ತಾನಾಗಿ ನಿಲ್ಲುತ್ತದೆ, ಖಾಲಿಯಾದರೆ ಮತ್ತೆ ಓಡುತ್ತದೆ, ಜಾಲತಾಣ ಕೆಟ್ಟು ನಿಂತರೆ ಮೊಬೈಲ್‌ಗೆ ಸಂದೇಶ ಬರುತ್ತದೆ. ಕೌಂಟರಿನಲ್ಲಿ ಇರುವವರಿಗೆ ಗೂಗಲ್‌ನ ಪರದೆ ತೆರೆದು ನೋಡುವ ಪುರುಸೊತ್ತು ಇರುವುದಿಲ್ಲ. ಈ ಕೆಲಸಕ್ಕೆ ನಾವು ತಿಂಗಳ ಶುಲ್ಕ ಕೊಡುತ್ತೇವೆಯೇ ಹೊರತು ಅದರ ಲಾಭದ ನಕ್ಷೆಗಳನ್ನು ನಾನು ನೋಡುವುದೇ ಇಲ್ಲ.

ಆದರೆ ನಮ್ಮ ಕಡೆಯ ಕಾಲಮಾನ ಅದಕ್ಕೆ ಅರ್ಥವಾಗುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಪಂಚಾಂಗದ ಪ್ರಕಾರ ಆ ದಿನಗಳು ಒಂದು ವರ್ಷ ಅಕ್ಟೋಬರ್ ನಡುವಿನಲ್ಲಿ ಬಂದರೆ ಇನ್ನೊಂದು ವರ್ಷ ನವೆಂಬರ್‌ವರೆಗೂ ಸರಿಯುತ್ತವೆ. ತಂತ್ರಾಂಶ "ಕಳೆದ ವರ್ಷ ಇದೇ ದಿನಾಂಕಕ್ಕೆ ಹೋಲಿಸಿದರೆ" ಎಂದು ಕೊಡುವ ವರದಿ ಆ ವಾರಗಳಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ: ಒಂದು ಕಡೆ ಜನಜಾತ್ರೆ, ಇನ್ನೊಂದು ಕಡೆ ಖಾಲಿ ದಿನ, ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳವಣಿಗೆ ಎನ್ನುತ್ತದೆ. ಕೆಲವು ದಿನ ಮಾತ್ರ ವ್ಯವಹಾರ ಏರುಪೇರಾಗುತ್ತದೆ ಎಂದು ಮೊದಲೇ ತಿಳಿಸಿಡಲು ಗೂಗಲ್‌ನಲ್ಲೇ ಸೀಸನಾಲಿಟಿ ಹೊಂದಾಣಿಕೆ ಎಂಬ ಸೌಲಭ್ಯ ಇದೆ. ಅದು 1ರಿಂದ 7 ದಿನಗಳ ಸಂದರ್ಭಕ್ಕೆ ಸೂಕ್ತ, 14 ದಿನ ಮೀರಿದರೆ ಸರಿಯಾಗಿ ಕೆಲಸ ಮಾಡದಿರಬಹುದು ಎಂದು ಅವರ ಸಹಾಯ ಪುಟವೇ ತಿಳಿಸುತ್ತದೆ. ನಿಮಗೆ ಕೊಡುವ ತಂತ್ರಾಂಶದಲ್ಲಿ ಹೋಲಿಕೆಯ ದಿನಗಳನ್ನು ನಾವೇ ಆರಿಸಿಕೊಳ್ಳಬಹುದೇ ಎಂದು ಪ್ರದರ್ಶನದಲ್ಲಿಯೇ ಮಾಡಿ ತೋರಿಸಲು ಹೇಳಿ.

ನಿಮ್ಮ ಜಿಲ್ಲೆಗೆ ಇದು ಇನ್ನೂ ಮುಖ್ಯ. ದತ್ತ ಜಯಂತಿಯ ದಿನಗಳಲ್ಲಿ ಗಿರಿ ಪ್ರದೇಶಕ್ಕೆ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಕುಸಿದರೆ, 2019ರ ಆಗಸ್ಟ್‌ನಲ್ಲಿ ಆದ ಹಾಗೆ, ಮಂಗಳೂರು ಕಡೆಯಿಂದ ಬರುವವರೇ ಇರುವುದಿಲ್ಲ. ಅಂಥ ದಿನ ಮಂಗಳೂರಿನವರಿಗೆ ತೋರಿಸುವ ಜಾಹೀರಾತನ್ನು ಮಾತ್ರ ನಿಲ್ಲಿಸಿ ಬೆಂಗಳೂರಿನದನ್ನು ಮುಂದುವರಿಸಲು ಎಷ್ಟು ಹೊತ್ತು ಬೇಕು, ಅದನ್ನು ಮೊಬೈಲ್‌ನಲ್ಲಿ ಮಾಡಬಹುದೇ, ಭಾನುವಾರ ರಾತ್ರಿ ಫೋನ್ ಮಾಡಿದರೆ ಸಂಸ್ಥೆಯವರು ಎತ್ತುತ್ತಾರೆಯೇ ಎಂಬುದೆಲ್ಲ ಪರೀಕ್ಷೆಯ ಭಾಗವೇ. ಸ್ಥಳದ ಆಯ್ಕೆಯನ್ನೂ ನೋಡಿ. ಗೂಗಲ್‌ನಲ್ಲಿ ಸಹಜವಾಗಿ ಇರುವ ಆಯ್ಕೆ, ಆ ಊರಿನಲ್ಲಿ ಇರುವವರು ಮತ್ತು ಆ ಊರಿನ ಬಗ್ಗೆ ಆಸಕ್ತಿ ತೋರಿದವರು ಇಬ್ಬರಿಗೂ ಜಾಹೀರಾತು ತೋರಿಸುವುದು. ಅದು ಗೊತ್ತಿಲ್ಲದೆ ಚಿಕ್ಕಮಗಳೂರನ್ನೇ ಗುರಿಯಾಗಿ ಹಾಕಿದರೆ, ನಿಮ್ಮ ಹೋಂಸ್ಟೇಯನ್ನು ನಿಮ್ಮ ಊರಿನವರೇ ಒತ್ತಿ ನೋಡುತ್ತ ಕೂರುತ್ತಾರೆ.

ಮರುಪ್ರಶ್ನೆ: ಕಾಫಿ ಪುಡಿ ಮತ್ತು ಹೋಂಸ್ಟೇ, ಚಿಕ್ಕಮಗಳೂರು

ಮೂವರಿಗೂ ಧನ್ಯವಾದಗಳು. ಹೋಂಸ್ಟೇ ಪಾಲಿನ ತೆರಿಗೆ ಪೂರ್ತಿ ಖರ್ಚಾಗುತ್ತದೆ ಎಂಬ ಅಂಶವನ್ನು ಸಂಸ್ಥೆಯವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆರ್ಡರ್ ಲೆಕ್ಕವನ್ನು ನಮ್ಮ ಅಂಕಿಗಳನ್ನು ಇಟ್ಟು ಮಾಡುತ್ತಿದ್ದೇವೆ.

ಇನ್ನೂ ಎರಡು ಸಂದೇಹಗಳಿವೆ. ನಮ್ಮ ಖಾತೆಯಲ್ಲಿ ಗೂಗಲ್ ತೋರಿಸುವ ಆಪ್ಟಿಮೈಸೇಷನ್ ಅಂಕ ಶೇಕಡ 61 ಇದೆ, ತಮ್ಮ ತಂತ್ರಾಂಶ ಅದನ್ನು ಒಂದೇ ವಾರದಲ್ಲಿ 90 ದಾಟಿಸುತ್ತದೆ ಎಂದು ಸಂಸ್ಥೆಯವರು ಒತ್ತಿ ಹೇಳುತ್ತಿದ್ದಾರೆ. ಇದಕ್ಕೆ ಎಷ್ಟು ಬೆಲೆ ಕೊಡಬೇಕು? ಮತ್ತು ಕನ್ನಡದಲ್ಲಿ ಬರೆದ ಜಾಹೀರಾತುಗಳನ್ನು ಇಂಥ ತಂತ್ರಾಂಶಗಳು ಸರಿಯಾಗಿ ನಿಭಾಯಿಸುತ್ತವೆಯೇ? ಕಾಫಿ ಪುಡಿಗೆ ನಾವು ಇನ್‌ಸ್ಟಾಗ್ರಾಂನಲ್ಲಿ ಕನ್ನಡದಲ್ಲೇ ಬರೆಯುತ್ತೇವೆ, ಗೂಗಲ್‌ನಲ್ಲಿಯೂ ಕನ್ನಡ ಪ್ರಯತ್ನಿಸುವ ಯೋಚನೆ ಇದೆ.

ಉತ್ತರ 4: ಜಾಹೀರಾತು ನಿರ್ವಹಣೆಯ ಕೆಲಸ, ಹಾಸನ

ಆ ಅಂಕಕ್ಕೆ ಬೆಲೆಯನ್ನೇ ಕೊಡಬೇಡಿ ಸರ್. ಗೂಗಲ್ ಕೊಡುವ ಸಲಹೆಗಳನ್ನು ಒಪ್ಪಿಕೊಂಡಷ್ಟೂ ಅದು ಏರುತ್ತದೆ. ಸಲಹೆಯನ್ನು ಬೇಡವೆಂದು ತಳ್ಳಿಹಾಕಿದರೂ ಏರುತ್ತದೆ. ನಿಮ್ಮ ತಮ್ಮನೇ ಕುಳಿತು ಎಲ್ಲ ಸಲಹೆಗಳನ್ನೂ ತಳ್ಳಿಹಾಕಿದರೆ ಇವತ್ತೇ ನೂರರ ಹತ್ತಿರ ತರಬಹುದು, ಒಂದು ಪೊಟ್ಟಣ ಪುಡಿಯೂ ಹೆಚ್ಚಿಗೆ ಮಾರಾಟವಾಗುವುದಿಲ್ಲ. ಗೂಗಲ್ ಪಾರ್ಟ್‌ನರ್ ಎಂಬ ಮುದ್ರೆ ಉಳಿಸಿಕೊಳ್ಳಲು ಜಾಹೀರಾತು ಸಂಸ್ಥೆಗಳಿಗೆ ಈ ಅಂಕ ಕನಿಷ್ಠ ಶೇಕಡ 70 ಇರಬೇಕೆಂಬ ಷರತ್ತು ಇದೆ. ಅವರು ಅದರ ಬಗ್ಗೆ ಅಷ್ಟು ಉತ್ಸಾಹ ತೋರಿಸುವುದರ ಹಿನ್ನೆಲೆ ಇದೂ ಆಗಿರಬಹುದು. ಬಜೆಟ್ ಹೆಚ್ಚಿಸಿ ಎಂಬ ಸಲಹೆ ಕೂಡ ಈ ಪಟ್ಟಿಯಲ್ಲಿ ಬರುತ್ತದೆ, ಸಲಹೆಗಳನ್ನು ತಾನಾಗಿಯೇ ಜಾರಿ ಮಾಡುವ ಗುಂಡಿಯೂ ಖಾತೆಯಲ್ಲಿದೆ. ಅದು ಚಾಲೂ ಆಗಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಕನ್ನಡದ ಪ್ರಶ್ನೆಗೆ ಪರೀಕ್ಷೆ ಸುಲಭ. ಗೂಗಲ್‌ನ ಹುಡುಕಾಟ ಜಾಹೀರಾತಿನ ಒಂದು ಶೀರ್ಷಿಕೆಗೆ 30 ಅಕ್ಷರ, ವಿವರಣೆಗೆ 90 ಅಕ್ಷರ ಮಿತಿ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಪ್ರತ್ಯೇಕ ಸಂಕೇತಗಳು. ಓದುವಾಗ ಆರು ಅಕ್ಷರವಿರುವ ಚಿಕ್ಕಮಗಳೂರು ಅಲ್ಲಿ ಹನ್ನೊಂದು ಆಗುತ್ತದೆ. ಇಂಗ್ಲಿಷ್ ಶೀರ್ಷಿಕೆಯನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ ಕೊಡುವ ತಂತ್ರಾಂಶಗಳು ಈ ಮಿತಿಗೆ ಸಿಕ್ಕಿ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿಬಿಡುತ್ತವೆ. ನಿಮ್ಮದೇ ನಾಲ್ಕಾರು ಕನ್ನಡ ಶೀರ್ಷಿಕೆಗಳನ್ನು ಪ್ರಾಯೋಗಿಕ ಅವಧಿಯ ಮೊದಲ ದಿನವೇ ಹಾಕಿ, ಉಳಿಸಿ, ಮತ್ತೆ ತೆರೆದು ನೋಡಿ. ಎಕ್ಸೆಲ್‌ಗೆ ಇಳಿಸಿದ ವರದಿಯಲ್ಲಿಯೂ ಕನ್ನಡ ಸರಿಯಾಗಿ ಬರಬೇಕು. ಹಾಗೆಯೇ ನಮ್ಮ ಊರುಗಳ ಹೆಸರನ್ನು ಜನ ಇಂಗ್ಲಿಷ್‌ನಲ್ಲಿ ಹತ್ತು ಬಗೆಯಲ್ಲಿ ಬರೆದು ಹುಡುಕುತ್ತಾರೆ. ಅವನ್ನೆಲ್ಲ ಒಂದೇ ಊರೆಂದು ಗುಂಪು ಮಾಡಿ ತೋರಿಸುತ್ತದೆಯೇ ಎಂದೂ ಗಮನಿಸಿ.

14 ದಿನದ ಬಗ್ಗೆ: ಹೆಚ್ಚು ಮಾರಾಟವಾಯಿತೇ ಎಂದು ತಿಳಿಯಲು ಅಷ್ಟು ದಿನ ಸಾಲದು, ನಿಮ್ಮ ಗಾತ್ರದ ವ್ಯವಹಾರದಲ್ಲಂತೂ ಒಂದು ಉದ್ದ ವಾರಾಂತ್ಯ ಬಂದರೆ ಎಲ್ಲ ಅಂಕಿಗಳೂ ಏರುಪೇರಾಗುತ್ತವೆ. ಆದರೆ ತಂತ್ರಾಂಶದ ನಡತೆ ತಿಳಿಯಲು ಸಾಕು. ಮೊದಲ ವಾರ ಓದುವ ಅಧಿಕಾರವನ್ನಷ್ಟೇ ಕೊಡಿ, ಅದು ಏನು ಮಾಡಲು ಬಯಸುತ್ತದೆ ಎಂದು ಸೂಚಿಸಲಿ. ಎರಡನೆಯ ವಾರ ಕಾಫಿ ಪುಡಿಯ ಒಂದೇ ಕ್ಯಾಂಪೇನ್ ಅನ್ನು ಒಪ್ಪಿಸಿ, ಪ್ರತಿ ಸಂಜೆ ಗೂಗಲ್ ಖಾತೆಯ ಬದಲಾವಣೆ ಇತಿಹಾಸವನ್ನು ತೆರೆದು ನೋಡಿ. ಹೊರಗಿನ ತಂತ್ರಾಂಶ ಮಾಡಿದ್ದೆಲ್ಲ ಅಲ್ಲಿ ದಾಖಲಾಗುತ್ತದೆ, ಎರಡು ವರ್ಷದ ದಾಖಲೆ ಸಿಗುತ್ತದೆ. ಖರ್ಚಿನ ಅಂಕಿ ನೋಡುವಾಗ ಗಾಬರಿ ಬೇಡ: ಗೂಗಲ್ ಒಂದು ದಿನಕ್ಕೆ ನೀವು ಹಾಕಿದ ದೈನಂದಿನ ಬಜೆಟ್‌ನ ಎರಡರಷ್ಟರವರೆಗೂ ಖರ್ಚು ಮಾಡಬಹುದು, ತಿಂಗಳಿಗೆ ಮಾತ್ರ ಆ ಬಜೆಟ್‌ನ 30.4 ಪಟ್ಟು ಮೀರುವುದಿಲ್ಲ. ಅದು ತಂತ್ರಾಂಶದ ತಪ್ಪಲ್ಲ.

ಆ ಹಂತ ಗೆದ್ದರೆ, ನಿಜವಾದ ಪರೀಕ್ಷೆಗೆ ಇನ್ನೆರಡು ತಿಂಗಳು ಬೇಕು. ಗೂಗಲ್‌ನಲ್ಲೇ ಇರುವ ಪ್ರಯೋಗ ಸೌಲಭ್ಯದಿಂದ ಒಂದು ಕ್ಯಾಂಪೇನ್ ಅನ್ನು ಎರಡು ಪಾಲು ಮಾಡಿ, ಒಂದನ್ನು ತಂತ್ರಾಂಶಕ್ಕೂ ಇನ್ನೊಂದನ್ನು ನಿಮ್ಮ ತಮ್ಮನಿಗೂ ಬಿಡಬಹುದು. ಇಲ್ಲವೇ ಕಾಫಿ ಆರ್ಡರ್‌ಗಳಿಗೆ ಪಿನ್‌ಕೋಡ್ ಹೇಗೂ ಇರುತ್ತದಲ್ಲ, ಮೈಸೂರಿನ ಜಾಹೀರಾತನ್ನು ತಂತ್ರಾಂಶಕ್ಕೆ ಕೊಟ್ಟು ಮಂಗಳೂರಿನದನ್ನು ನೀವೇ ಇಟ್ಟುಕೊಂಡು, ಎರಡೂ ಊರುಗಳ ಹಿಂದಿನ ಆರ್ಡರ್‌ಗಳಿಗೆ ಹೋಲಿಸಿ ನೋಡಿ. ತಿಂಗಳ ಲೆಕ್ಕದಲ್ಲೇ ಹಣ ಕೊಡಿ, ಈ ಅವಧಿಯಲ್ಲಿ ವರ್ಷದ ಒಪ್ಪಂದದ ರಿಯಾಯಿತಿಗೆ ಆಸೆಪಡಬೇಡಿ.

ಸಹಿ ಹಾಕುವ ಮೊದಲು ಬಿಡುವ ವಿಧಾನವನ್ನೂ ಬರೆಸಿಕೊಳ್ಳಿ. ಕೆಲವು ತಂತ್ರಾಂಶಗಳು ನಿಮ್ಮ ಜಾಹೀರಾತಿನ ಕೊಂಡಿಯನ್ನು ತಮ್ಮ ಜಾಲತಾಣದ ಮೂಲಕ ಹಾಯಿಸುತ್ತವೆ. ಶುಲ್ಕ ನಿಲ್ಲಿಸಿದ ಮೇಲೆ ಆ ಟ್ರ್ಯಾಕಿಂಗ್ ಕೊಂಡಿ ಕೆಟ್ಟು ಖಾತೆಯಲ್ಲಿಯೇ ಉಳಿದರೆ, ಒತ್ತಿದವರನ್ನು ಗೂಗಲ್ ಸಾಮಾನ್ಯವಾಗಿ ನೇರವಾಗಿ ನಿಮ್ಮ ಪುಟಕ್ಕೇ ಕಳಿಸಿದರೂ, ಕೊಂಡಿ ಕೆಲಸ ಮಾಡುತ್ತಿಲ್ಲ ಎಂದು ಜಾಹೀರಾತನ್ನು ತಿರಸ್ಕರಿಸಬಹುದು. ಅದು ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಟೆಂಪ್ಲೇಟ್ ಎಂಬಲ್ಲಿ ಕುಳಿತಿರುತ್ತದೆ; ಖಾತೆ, ಕ್ಯಾಂಪೇನ್, ಜಾಹೀರಾತು ಗುಂಪು, ಕೀವರ್ಡ್, ಜಾಹೀರಾತು ಎಲ್ಲ ಹಂತಗಳಲ್ಲೂ ತೆರೆದು ನೋಡಬೇಕು.